ತಂಬಿಟ್ಟು, ಚಿಗಳಿ: ಒಲೆಯನ್ನು ಬೇಡದ ಪಂಚಮಿಯ ಸಿಹಿ

ನಮ್ಮ ನಾಡಿನ ಹಬ್ಬಗಳಿಗೆ ಒಂದೊಂದಕ್ಕೂ ತನ್ನದೇ ಆದ ಅಡುಗೆ ಉಂಟು. ಯುಗಾದಿಗೆ ಬೇವು ಮತ್ತು ಹೋಳಿಗೆ, ಎಳ್ಳಮವಾಸ್ಯೆಗೆ ಸಜ್ಜೆಯ ರೊಟ್ಟಿ, ದೀಪಾವಳಿಗೆ ಕರಿದ ತಿನಿಸು. ಇವೆಲ್ಲವೂ ಒಲೆಯ ಮುಂದೆ ಹುಟ್ಟುವಂಥವು. ಶ್ರಾವಣ ಶುದ್ಧ ಪಂಚಮಿಯದು ಮಾತ್ರ ಬೇರೆಯೇ ರೀತಿ. ಅದು ಸಿಹಿಯನ್ನು ಕೇಳುತ್ತದೆ. ಆದರೆ ಒಲೆಗೆ ವಿಶ್ರಾಂತಿಯನ್ನು ಕೊಡು ಎನ್ನುತ್ತದೆ. ಈ ಎರಡು ಬೇಡಿಕೆಗಳನ್ನು ಒಟ್ಟಿಗೆ ಸಲ್ಲಿಸಿದ ಜಾಣ್ಮೆಯ ಫಲವೇ ಎಳ್ಳಿನ ಚಿಗಳಿ ಮತ್ತು ತಂಬಿಟ್ಟು. ಇವನ್ನು ಮಾಡುವ ಬಗೆಯನ್ನೂ, ಹಾಗೆ ಮಾಡುವುದರ ಹಿಂದಿರುವ ಕಾರಣವನ್ನೂ ಇಲ್ಲಿ ವಿವರಿಸುವುದು ಉದ್ದೇಶ.

ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ರಾಯಚೂರು ಸೀಮೆಯಲ್ಲಿ ಪಂಚಮಿಯೆಂದರೆ ಒಂದು ದಿನದ ಹಬ್ಬವಲ್ಲ. ಮೊದಲು ರೊಟ್ಟಿ ಹಬ್ಬ: ಜೋಳದ ರೊಟ್ಟಿಗಳನ್ನು ಮುಂಚಿತವಾಗಿಯೇ ಬಡಿದು, ಕಟಕಟಿಯಾಗಿ ಸುಟ್ಟು, ಕಾಳಿನ ಪಲ್ಯ ಚಟ್ನಿಗಳೊಡನೆ ನೆರೆಮನೆಗಳಿಗೆ ಬೀರುವುದು. ಅದರ ಮರುದಿನ ಚೌತಿ, ಆಮೇಲೆ ಪಂಚಮಿ. ಹಲವು ಮನೆಗಳಲ್ಲಿ ಈ ದಿನಗಳಂದು ಒಲೆಯ ಮೇಲೆ ಹೆಂಚು ಇಡಬಾರದು, ಕರಿಯಬಾರದು, ನೆಲ ಅಗೆಯಬಾರದು ಎಂಬ ಕಟ್ಟು ನಡೆದು ಬಂದಿದೆ. ಹೆಂಚನ್ನು ನಾಗರದ ಹೆಡೆಗೆ ಹೋಲಿಸಿ ಹೇಳುವ ನಂಬಿಕೆಯೂ ಉಂಟು. ಮಳೆಗಾಲದಲ್ಲಿ ಬಿಲಗಳಲ್ಲಿ ನೀರು ತುಂಬಿ ಹಾವುಗಳು ಹೊರಬರುವ ಹೊತ್ತು ಇದೆಂಬುದನ್ನು ನೆನೆದರೆ, ನೆಲ ಅಗೆಯಬೇಡ ಎಂಬ ಕಟ್ಟಿನಲ್ಲಿ ಎಚ್ಚರಿಕೆಯೂ ಇದೆ, ಕನಿಕರವೂ ಇದೆ. ಅದೇನೇ ಇರಲಿ, ಹೆಂಚಿಡದ ದಿನದ ಸಿಹಿಗೆ ಹೆಣ್ಣುಮಕ್ಕಳು ಕಂಡುಕೊಂಡ ದಾರಿ ಒರಳಿನದು.

ಎರಡು ಭಾಷೆಗಳು ಕೂಡಿ ಬಾಳುವ ಸೀಮೆ ನಮ್ಮದು. ಯಾಪಲದಿನ್ನಿ ಎಂಬ ಹೆಸರನ್ನೇ ನೋಡಿರಿ. ಬೇವಿನ ಮರಕ್ಕೆ ತೆಲುಗಿನಲ್ಲಿ ವೇಪ ಎನ್ನುವರು, ಆಡುನುಡಿಯಲ್ಲಿ ಯಾಪ; ದಿನ್ನಿ ಎಂದರೆ ದಿನ್ನೆ. ಬೇವುಗಳ ದಿನ್ನೆ ಎಂದು ಈ ಹೆಸರನ್ನು ಬಿಡಿಸಿಕೊಳ್ಳಬಹುದು. ಪಂಚಮಿಯ ಜೋಕಾಲಿ ಕಟ್ಟುವುದಕ್ಕೆ ಬೇವಿನ ಕೊಂಬೆಗಿಂತ ಗಟ್ಟಿಯಾದದ್ದು ಬೇರೆ ಯಾವುದು? ಗಡಿಯಾಚೆಯ ತೆಲುಗು ಮನೆಗಳಲ್ಲಿಯೂ ನಾಗುಲ ಚವಿತಿಗೆ ಎಳ್ಳು ಬೆಲ್ಲಗಳನ್ನು ಕುಟ್ಟಿ ಚಿಮ್ಮಿಲಿ ಮಾಡುತ್ತಾರೆ, ಹಸಿ ಅಕ್ಕಿಹಿಟ್ಟಿಗೆ ಬೆಲ್ಲ ಬೆರೆಸಿ ಚಲಿಮಿಡಿ ಮಾಡುತ್ತಾರೆ. ತೆಲುಗಿನ ‘ಚಲಿ’ ಎಂದರೆ ಚಳಿ, ತಣುಪು. ಇನ್ನು ನಮ್ಮ ತಂಬಿಟ್ಟನ್ನು ಬಿಡಿಸಿರಿ: ‘ತಣ್’ ಎಂಬುದಕ್ಕೆ ‘ಪಿಟ್ಟು’ ಸೇರಿ, ಪಕಾರಕ್ಕೆ ಬಕಾರ ಆದೇಶವಾಗಿ ತಂಬಿಟ್ಟು. ತಣ್ ಮತ್ತು ಕೂಳ್ ಸೇರಿ ತಂಗೂಳಾಗಿ, ಅದೇ ತಂಗಳಾದ ಹಾಗೆ. ವ್ಯಾಕರಣದ ತರಗತಿಯಲ್ಲಿ ಆದೇಶಸಂಧಿಯನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳು ಈ ಉದಾಹರಣೆಯನ್ನು ನಾಲಗೆಯ ಮೇಲೆಯೇ ಇಟ್ಟುಕೊಳ್ಳಬಹುದು! ತಂಬಿಟ್ಟು ಎಂದರೆ ತಣ್ಣನೆಯ ಹಿಟ್ಟು. ಒಲೆಯ ಮೇಲೆ ಪಾಕವಾಗದೆ ಕೈಯಲ್ಲಿಯೇ ಸಿದ್ಧವಾಗುವ ಹಿಟ್ಟು. ಅಡುಗೆಯ ರೀತಿ ಹೆಸರಿನಲ್ಲಿಯೇ ಅಡಗಿದೆ.

ಎಳ್ಳಿನ ವಿಷಯದಲ್ಲಿಯೂ ಹೀಗೆಯೇ. ‘ಎಣ್ಣೆ’ ಎಂಬ ನಮ್ಮ ಮಾತು ಎಳ್ ಮತ್ತು ನೆಯ್ ಎಂಬ ಎರಡರ ಕೂಟ. ನೆಯ್ ಎಂದರೆ ತುಪ್ಪ, ಜಿಡ್ಡು. ಎಳ್ಳಿನ ಜಿಡ್ಡೇ ಎಣ್ಣೆ. ಸಂಸ್ಕೃತದಲ್ಲಿಯೂ ತಿಲದಿಂದ ಬಂದದ್ದು ತೈಲ. ಕೊಬ್ಬರಿ, ಶೇಂಗಾ, ಕುಸುಬೆಗಳಿಂದ ಬಂದದ್ದನ್ನೂ ನಾವು ಎಣ್ಣೆಯೆಂದೇ ಕರೆಯುತ್ತಿದ್ದರೂ, ಮೂಲದಲ್ಲಿ ಆ ಹೆಸರಿನ ಒಡೆತನ ಎಳ್ಳಿನದು. ಈ ಬೆಳೆ ಬಹು ಹಳೆಯದು. ಹರಪ್ಪದ ಉತ್ಖನನದಲ್ಲಿಯೂ ಕರಿಕಾದ ಎಳ್ಳು ದೊರೆತಿದೆ. ಎಳ್ಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಚಿಗಳಿಯ ಗುಟ್ಟೆಲ್ಲ ಇಷ್ಟೇ. ಕುಟ್ಟಿದಾಗ ಕಾಳಿನೊಳಗಿನ ಸೂಕ್ಷ್ಮ ಕೋಶಗಳು ಒಡೆದು ಎಣ್ಣೆ ಹೊರಬರುತ್ತದೆ. ಬೆಲ್ಲದಲ್ಲಿ ತುಸು ತೇವವೂ, ಗಾಳಿಯ ತೇವವನ್ನು ಎಳೆದುಕೊಳ್ಳುವ ಸಕ್ಕರೆಯ ಅಂಶಗಳೂ ಇರುವುದರಿಂದ ಅದು ಅಂಟಾಗುತ್ತದೆ. ಒಂದರ ಜಿಡ್ಡು, ಇನ್ನೊಂದರ ಅಂಟು ಕೂಡಿ ಉಂಡೆ ನಿಲ್ಲುತ್ತದೆ. ಎಳೆಪಾಕದ ಲೆಕ್ಕವಿಲ್ಲ, ಹದ ಮೀರಿ ಕಲ್ಲಾಗುವ ಭಯವಿಲ್ಲ, ಕೈ ಸುಟ್ಟುಕೊಳ್ಳುವ ಅಪಾಯವಿಲ್ಲ.

ಇನ್ನು ಮಾಡುವ ಕ್ರಮ. ಎಳ್ಳು 250 ಗ್ರಾಂ, ಬೆಲ್ಲ 200 ಗ್ರಾಂ, ಒಣಕೊಬ್ಬರಿಯ ತುರಿ 50 ಗ್ರಾಂ, ಏಲಕ್ಕಿ ನಾಲ್ಕು. ತಕ್ಕಡಿ ಇಲ್ಲದವರು ಐದು ಬಟ್ಟಲು ಎಳ್ಳಿಗೆ ಮೂರು ಬಟ್ಟಲು ಒತ್ತಿ ತುಂಬಿದ ಬೆಲ್ಲದ ಪುಡಿ ಎಂದು ಲೆಕ್ಕ ಹಿಡಿಯಬಹುದು. ಮೇಲೆ ಹೇಳಿದ ತೂಕಕ್ಕೆ ದೊಡ್ಡ ನೆಲ್ಲಿಕಾಯಿಯಷ್ಟಿರುವ, 25 ಗ್ರಾಂ ತೂಗುವ ಇಪ್ಪತ್ತು ಉಂಡೆಗಳಾಗುತ್ತವೆ. ಬಿಳಿಯ ಎಳ್ಳಾಗಲಿ ಕರಿಯ ಎಳ್ಳಾಗಲಿ ಆದೀತು. ಚಟ್ನಿಗೆ ಬಳಸುವ ಗುರೆಳ್ಳು ಬೇರೆಯ ಕಾಳು. ಅದನ್ನು ಇದಕ್ಕೆ ಹಾಕಬಾರದು.

ಹಬ್ಬಕ್ಕೆ ಎರಡು ಮೂರು ದಿನ ಮೊದಲೇ ಎಳ್ಳನ್ನು ಮೊರದಲ್ಲಿ ಕೇರಿ, ಕಲ್ಲು ಕಸ ಆರಿಸಿ, ಅಗಲವಾದ ಪಾತ್ರೆಯ ನೀರಿನಲ್ಲಿ ಜಾಲಿಸಬೇಕು. ಮರಳು ತಳಕ್ಕೆ ಇಳಿಯುತ್ತದೆ. ಎಳ್ಳನ್ನು ಮೇಲಿಂದ ಮೆಲ್ಲಗೆ ತೆಗೆದುಕೊಳ್ಳಬೇಕು. ನೀರು ಬಸಿದು, ತೆಳುವಾದ ಬಟ್ಟೆಯ ಮೇಲೆ ಹರವಿ ಬಿಸಿಲಿಗೆ ಒಣಗಿಸಬೇಕು. ಶ್ರಾವಣದ ಬಿಸಿಲು ನಂಬತಕ್ಕದ್ದಲ್ಲ. ಆದುದರಿಂದಲೇ ಮುಂಚಿತವಾಗಿ ಮಾಡಬೇಕೆಂದು ಹೇಳಿದ್ದು. ಬೊಗಸೆಯಲ್ಲಿ ಹಿಡಿದು ಸುರಿದರೆ ಕಾಳುಗಳು ಒಂದಕ್ಕೊಂದು ಅಂಟದೆ ಜಾರಿದರೆ ಒಣಗಿತೆಂದು ತಿಳಿಯಬೇಕು.

ಈ ಹಸಿ ಎಳ್ಳಿನಿಂದಲೇ ಚಿಗಳಿ ಮಾಡುವವರು ಕೆಲವರು. ಹಿಂದಿನ ದಿನ ಸಣ್ಣ ಉರಿಯಲ್ಲಿ ಹುರಿದಿಟ್ಟುಕೊಳ್ಳುವವರು ಕೆಲವರು. ಹುರಿದರೆ ಪರಿಮಳ ಹೆಚ್ಚು. ಎಳೆಯ ಮಕ್ಕಳಿಗೆ, ಗರ್ಭಿಣಿಯರಿಗೆ, ರೋಗದಿಂದ ಎದ್ದವರಿಗೆ ಹುರಿದ ಎಳ್ಳೇ ಹಿತ. ಕಾಳಿಗೆ ಅಂಟಿರಬಹುದಾದ ರೋಗಾಣುಗಳನ್ನು ಬಿಸಿ ಕಡಮೆ ಮಾಡುತ್ತದೆ. ಕಾಳು ಚಟಪಟ ಸಿಡಿಯತೊಡಗಿದೊಡನೆ ಇಳಿಸಬೇಕು. ಬಣ್ಣ ಕೆಂಪಗೆ ತಿರುಗಿದರೆ ಕಹಿಯಾಗುತ್ತದೆ. ಬೆಲ್ಲ ಎಷ್ಟು ಹಾಕಿದರೂ ಆ ಕಹಿ ಹೋಗದು. ಹುರಿದದ್ದು ಪೂರ್ತಿ ಆರುವವರೆಗೆ ಒರಳಿಗೆ ಹಾಕಬಾರದು.

ಬೆಲ್ಲವನ್ನು ಕರಗಿಸಿ ಸೋಸುವುದಿಲ್ಲವಾದ್ದರಿಂದ ಅದನ್ನು ಆರಿಸಿಕೊಳ್ಳುವಾಗಲೇ ಎಚ್ಚರ ಬೇಕು. ತೀರ ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಬಣ್ಣ ತಿಳಿಯಾಗಲೆಂದು ರಾಸಾಯನಿಕ ಬೆರೆಸಿರುವುದುಂಟು. ಕಂದು ಬಣ್ಣದ, ಉಗುರಿನಿಂದ ಒತ್ತಿದರೆ ಹುಡಿಯಾಗುವ ಬೆಲ್ಲ ಮೇಲು. ಅದನ್ನು ಸಣ್ಣಗೆ ಹೆರೆದು, ಬೆರಳುಗಳಿಂದ ಉಜ್ಜಿ ನೋಡಿ, ಕಸಕಡ್ಡಿ ಮರಳು ಇದ್ದರೆ ತೆಗೆಯಬೇಕು.

ಒರಳನ್ನೂ ಒನಕೆಯನ್ನೂ ತೊಳೆದು ಚೆನ್ನಾಗಿ ಒರೆಸಿ ಒಣಗಿಸಬೇಕು. ಮೊದಲು ಎಳ್ಳನ್ನು ಮಾತ್ರ ಹಾಕಿ ಕುಟ್ಟಬೇಕು. ಆರಂಭದಲ್ಲಿ ಅದು ಹುಡಿಹುಡಿಯಾಗುತ್ತದೆ. ಬರಬರುತ್ತ ಒನಕೆಯ ಪೆಟ್ಟಿನ ಸದ್ದು ಮೆತ್ತಗಾಗುತ್ತದೆ, ಹಿಟ್ಟಿನ ಬಣ್ಣ ತುಸು ಕಪ್ಪೇರುತ್ತದೆ. ಅದು ಎಣ್ಣೆ ಬಿಟ್ಟ ಗುರುತು. ಆಗ ಬೆಲ್ಲ ಸೇರಿಸಿ, ಅಂಚಿನಿಂದ ನಡುವಿಗೆ ತಳ್ಳುತ್ತ ಎರಡೂ ಒಂದಾಗುವಂತೆ ಕುಟ್ಟಬೇಕು. ಕಡೆಯಲ್ಲಿ ಕೊಬ್ಬರಿ, ಏಲಕ್ಕಿಪುಡಿ. ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿದು ನೋಡಿರಿ: ಬೆರಳಿನ ಗುರುತುಗಳು ಮೂಡಿ, ಮುದ್ದೆ ಒಡೆಯದೆ ನಿಂತರೆ ಹದ ಬಂದಿತು. ಅಂಗೈಯಲ್ಲಿ ಒತ್ತಿ ಉರುಟಾಗಿಸಿ ತಟ್ಟೆಗೆ ಜೋಡಿಸಿದರೆ ಕೆಲಸ ಮುಗಿಯಿತು. ಒರಳಿಲ್ಲದ ಮನೆಯಲ್ಲಿ ಮಿಕ್ಸಿಯೂ ಸಲ್ಲುತ್ತದೆ. ಆದರೆ ಅದನ್ನು ಒಂದೇ ಸಮನೆ ಓಡಿಸದೆ, ಬಿಟ್ಟು ಬಿಟ್ಟು ನಾಲ್ಕಾರು ಸಲ ತಿರುಗಿಸಬೇಕು. ಹೆಚ್ಚು ತಿರುಗಿಸಿದರೆ ಬಿಸಿಯೇರಿ, ಎಣ್ಣೆ ಬೇರ್ಪಟ್ಟು, ಉಂಡೆಯಾಗಬೇಕಾದದ್ದು ಲೇಹ್ಯವಾಗುತ್ತದೆ.

ಹದ ತಪ್ಪಿದರೆ ಅಂಜಬೇಕಾದುದಿಲ್ಲ. ಉದುರಾಗಿದ್ದರೆ ಇನ್ನೊಂದು ಚಮಚ ಬೆಲ್ಲ ಅಥವಾ ಅರ್ಧ ಚಮಚ ತುಪ್ಪ. ಜಿಡ್ಡಾಗಿದ್ದರೆ ಒಂದಿಷ್ಟು ಪುಠಾಣಿಯ ಹಿಟ್ಟು. ನೀರನ್ನಾಗಲಿ ಹಾಲನ್ನಾಗಲಿ ಮಾತ್ರ ಒಂದು ಹನಿಯೂ ಸೋಕಿಸಬಾರದು. ನೀರು ಬಿದ್ದರೆ ಬೆಲ್ಲ ಕರಗಿ ರಸವಾಗುತ್ತದೆ, ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ನೀರು ತಾಗದ ಚಿಗಳಿ ಒಣಗಿದ ಡಬ್ಬಿಯಲ್ಲಿ ಒಂದು ವಾರಕ್ಕೂ ಮಿಕ್ಕಿ ಕೆಡದೆ ಉಳಿಯುತ್ತದೆ. ಹಸಿ ತೆಂಗಿನ ತುರಿ ಹಾಕಿದ್ದಾದರೆ ಅಂದೇ ತಿಂದು ಮುಗಿಸಬೇಕು.

ತಂಬಿಟ್ಟಿನದು ಇನ್ನೂ ಸುಲಭ. ಪುಠಾಣಿಯನ್ನು ಅಂಗಡಿಯಲ್ಲಿಯೇ ಹುರಿದು ಮಾರುತ್ತಾರೆ. ಮನೆಯಲ್ಲಿ ಬೀಸಿ ಜರಡಿ ಹಿಡಿದರೆ ಸಾಕು. ಈ ಹಿಟ್ಟು 250 ಗ್ರಾಂ, ನುಣ್ಣಗೆ ಹೆರೆದ ಬೆಲ್ಲ 200 ಗ್ರಾಂ, ಕೊಬ್ಬರಿ, ಏಲಕ್ಕಿಗಳನ್ನು ಕೈಯಿಂದ ಉಜ್ಜಿ ಬೆರೆಸಿ, ತುಪ್ಪವನ್ನು ಚಮಚ ಚಮಚವಾಗಿ ಹಾಕುತ್ತ, ಹಿಟ್ಟು ಮುಷ್ಟಿಗೆ ನಿಲ್ಲುವಷ್ಟಾದೊಡನೆ ನಿಲ್ಲಿಸಬೇಕು. ಎಳ್ಳಿಗೆ ತನ್ನದೇ ಎಣ್ಣೆ ಉಂಟು. ಕಡಲೆಗೆ ಅದು ಅಲ್ಪವಾದ್ದರಿಂದ ತುಪ್ಪದ ನೆರವು ಬೇಕು. ಇದೇ ಕ್ರಮದಲ್ಲಿ ಜೋಳದ ಅರಳನ್ನು ಬೀಸಿ ಮಾಡಿದರೆ ಅರಳಿಟ್ಟು.

ಸವಿಯಷ್ಟೇ ಸತ್ತ್ವವೂ ಎಳ್ಳಿನಲ್ಲುಂಟು. ನೂರು ಗ್ರಾಂ ಎಳ್ಳಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನು ಇದೆ. ಸುಣ್ಣದ ಅಂಶವೂ ಕಬ್ಬಿಣದ ಅಂಶವೂ ಧಾರಾಳ. ಆದರೂ ಔಷಧವೆಂದು ಭ್ರಮಿಸಬಾರದು. ಒಂದು ಉಂಡೆಯಲ್ಲಿ ಹತ್ತು ಗ್ರಾಂ ಬೆಲ್ಲ ಇರುತ್ತದೆ. ಮಧುಮೇಹವುಳ್ಳವರಿಗೆ ಬೆಲ್ಲವೂ ಸಕ್ಕರೆಯೇ. ಎಳ್ಳು ಒಗ್ಗದ ದೇಹಪ್ರಕೃತಿಯವರೂ ಉಂಟು. ತಿಂದೊಡನೆ ತುಟಿ ಬಾತು, ಮೈ ತುರಿಸಿ, ಉಸಿರು ಕಟ್ಟಿದಂತಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಈ ಸಿಹಿ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆಯನ್ನೂ ಬಿಡುವಂತಿಲ್ಲ. ಕಲ್ಲ ನಾಗರಕ್ಕೆ ಹಾಲೆರೆದು, ಜೀವವಿರುವ ಹಾವನ್ನು ಹೊಡೆಯುವ, ಹಸಿದು ಬಂದವರನ್ನು ಹಿಂದಕ್ಕಟ್ಟುವ ನಡತೆಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ತಮ್ಮ ವಚನದಲ್ಲಿ ನಿಷ್ಠುರವಾಗಿ ಪ್ರಶ್ನಿಸಿದರು. ಹಾಲು ಹಾವಿನ ಆಹಾರವಲ್ಲ. ಇಲಿ ಕಪ್ಪೆಗಳು ಅದರ ಆಹಾರ. ಇಲಿಗಳನ್ನು ತಿಂದು ಬೆಳೆ ಉಳಿಸುವ ಹಾವಿಗೆ ರೈತನು ಸಲ್ಲಿಸಬೇಕಾದ ಮರ್ಯಾದೆ ಅದನ್ನು ಕೊಲ್ಲದಿರುವುದು. ಇಂದು ಹಲವೆಡೆ ಈ ದಿನವನ್ನು ಬಸವ ಪಂಚಮಿಯೆಂದು ಆಚರಿಸಿ, ಹಾಲನ್ನು ಮಕ್ಕಳಿಗೆ ಕುಡಿಯಕೊಡುವ ರೂಢಿ ಬೆಳೆದಿದೆ. ಹಾಲಿಗೆ ಸಂದ ಮಾತು ಚಿಗಳಿಗೂ ಸಲ್ಲುತ್ತದೆ. ಹಂಚಿ ತಿಂದಾಗಲೇ ಅದು ಪ್ರಸಾದ.

ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂದು ಕರೆದೊಯ್ಯುವನೆಂದು ತಂಗಿ ಹಾದಿ ನೋಡುವ ಕಾಲ. ತವರಿಗೆ ಬಂದ ಮಗಳು, ಅತ್ತಿಗೆ, ಅವ್ವ ಮೂವರೂ ಒಂದೇ ಒರಳಿನ ಸುತ್ತ ಕುಳಿತು, ವರ್ಷದ ಸುಖದುಃಖವನ್ನೆಲ್ಲ ಆಡಿಕೊಳ್ಳುತ್ತಿದ್ದುದು ಈ ಉಂಡಿಗಳ ನೆವದಲ್ಲಿ. ಒಲೆಯ ಮುಂದೆ ಒಬ್ಬಳಿಗೆ ಮಾತ್ರ ಜಾಗ. ಒರಳಿನ ಸುತ್ತ ನಾಲ್ವರಿಗೆ. ಇಂದು ರಾಯಚೂರು, ದೇವದುರ್ಗ, ಮಾನ್ವಿಗಳ ಎಷ್ಟೋ ಕುಟುಂಬಗಳು ಬೆಂಗಳೂರು, ಹೈದರಾಬಾದು, ಪುಣೆಗಳಿಗೆ ದುಡಿಯಲು ಗುಳೆ ಹೋಗುತ್ತವೆ. ಕಟ್ಟಡದ ಬದಿಯ ತಗಡಿನ ಜೋಪಡಿಯಲ್ಲಿ ಹೋಳಿಗೆ ಮಾಡುವುದು ಹೇಗೆ? ಆದರೆ ಒಂದು ಹಿಡಿ ಎಳ್ಳು, ಒಂದು ಅಚ್ಚು ಬೆಲ್ಲ, ಒಂದು ಕುಟ್ಟಾಣಿ ಇದ್ದರೆ ಅಲ್ಲಿಯೂ ಪಂಚಮಿ ಆಗುತ್ತದೆ. ಬಡವರ ಮನೆಯಲ್ಲಿಯೂ ಕುಂದದ ಸಿಹಿ ಇದು. ಅಂಗಡಿಯ ಪೊಟ್ಟಣ ಬಂದಿತೆಂದು ಈ ವಿದ್ಯೆಯನ್ನು ಮರೆತರೆ, ಮೊದಲು ನಷ್ಟವಾಗುವುದು ಇಂಥ ಮನೆಗಳಿಗೆ.

ಕನ್ನಡದಲ್ಲಿ ಅಡುಗೆಯ ಶಾಸ್ತ್ರವನ್ನು ಬರೆದಿಟ್ಟವರು ಇಲ್ಲದಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ವಿಷಯವಿದೆ, ಹದಿನಾರನೆಯ ಶತಮಾನದ ಆದಿಯ ಮಂಗರಸನು ‘ಸೂಪಶಾಸ್ತ್ರ’ವನ್ನೇ ರಚಿಸಿದನು. ಆದರೆ ಮನೆಮನೆಯ ಅವ್ವಂದಿರ ಅಳತೆ ಹಿಡಿಗೈಯಿಂದ ಹಿಡಿಗೈಗೆ ಇಳಿದು ಬಂದದ್ದು. ಅದನ್ನು ಕೈಯಿಂದಲೇ ಕಲಿಯಬೇಕು. ಬೆಂಕಿಯ ಹಂಗಿಲ್ಲದ್ದರಿಂದ ಹತ್ತು ವರ್ಷದ ಮಕ್ಕಳೂ ಇದನ್ನು ಕಲಿಯಬಲ್ಲರು. ಗಂಡುಮಕ್ಕಳು ಕಲಿಯಬಾರದೆಂಬ ಕಟ್ಟು ಯಾವ ಶಾಸ್ತ್ರದಲ್ಲಿಯೂ ಇಲ್ಲ. ಬರುವ ಶ್ರಾವಣದಲ್ಲಿ ವಿದ್ಯಾರ್ಥಿಗಳು ತಮ್ಮ ಅಜ್ಜಿಯರ ಬಳಿ ಕುಳಿತು ಒಮ್ಮೆ ಒನಕೆ ಹಿಡಿಯಲಿ. ಮಾಡಿದ ಮೊದಲ ಉಂಡೆಯನ್ನು ಆ ವರ್ಷ ಹಬ್ಬ ಮಾಡಲಾಗದ ನೆರೆಮನೆಗೆ ಕೊಟ್ಟು ಬರಲಿ.