ರೊಕ್ಕ ಬಿತ್ತೇನಕ್ಕಾ?

ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಲ್ಲಿ ನಲ್ಲಿಯ ಮುಂದೆ ಕೊಡವಿಟ್ಟು ನಿಂತ ಹೆಂಗಸರ ನಡುವೆ ಈಚಿನ ವರ್ಷಗಳಲ್ಲಿ ಹೊಸದೊಂದು ಕುಶಲಪ್ರಶ್ನೆ ಹುಟ್ಟಿಕೊಂಡಿದೆ: ‘ರೊಕ್ಕ ಬಿತ್ತೇನಕ್ಕಾ?’ ಮಳೆ ಬಿತ್ತೇನು ಎಂದು ಕೇಳುವ ಧಾಟಿಯೇ ಇದಕ್ಕೂ. ‘ಕೊಟ್ಟರೇನು’ ಎಂದು ಯಾರೂ ಕೇಳುವುದಿಲ್ಲ. ಯಾರ ಮುಂದೆಯೂ ಕೈಯೊಡ್ಡದೆ, ಯಾರ ಮನೆ ಬಾಗಿಲಲ್ಲೂ ಕಾಯದೆ, ಸರ್ಕಾರದಿಂದ ತನ್ನ ಹೆಸರಿನ ಖಾತೆಗೆ ಬರುವ ಹಣಕ್ಕೆ ಹಳ್ಳಿಯ ಬಾಯಿ ತಾನೇ ಹುಡುಕಿಕೊಂಡ ಮಾತಿದು.

ಈ ಮಾತು ಇಲ್ಲಿಗೆ ಬರಲು ಬಹಳ ವರ್ಷ ಹಿಡಿಯಿತು. 1995ರ ಆಗಸ್ಟ್ 15ರಂದು ರಾಷ್ಟ್ರೀಯ ವೃದ್ಧಾಪ್ಯ ವೇತನ ಆರಂಭವಾದಾಗ ಕೇಂದ್ರ ಕೊಡುತ್ತಿದ್ದುದು ತಿಂಗಳಿಗೆ 75 ರೂಪಾಯಿ. ಮನಿಯಾರ್ಡರ್ ಆಗಿ ಅಂಚೆಯಣ್ಣನ ಚೀಲದಲ್ಲಿ ಬರುತ್ತಿದ್ದ ಆ ಹಣಕ್ಕೆ ಅಜ್ಜಿಯರು ಕಟ್ಟೆಯ ಮೇಲೆ ಕೂತು ಹೆಬ್ಬೆಟ್ಟು ಒತ್ತುತ್ತಿದ್ದರು. ಕೆಲವೆಡೆ ಚಹಾದ ಖರ್ಚಿಗೆಂದು ಐದೋ ಹತ್ತೋ ಅಲ್ಲೇ ಉಳಿಯುತ್ತಿತ್ತು. ಎಷ್ಟೋ ಸಲ ಎರಡು ಮೂರು ತಿಂಗಳದ್ದು ಒಟ್ಟಿಗೇ ಬರುತ್ತಿತ್ತು. 2013ರ ಜನವರಿ 1ರಂದು ನೇರ ನಗದು ವರ್ಗಾವಣೆ ಶುರುವಾಯಿತು. ಮರುವರ್ಷದ ಆಗಸ್ಟ್‌ನಲ್ಲಿ ಜನಧನ್ ಖಾತೆಗಳು ಬಂದವು. ಆಧಾರ್, ಬ್ಯಾಂಕ್ ಖಾತೆ, ಮೊಬೈಲು ಮೂರೂ ಒಂದಕ್ಕೊಂದು ಹೆಣೆದುಕೊಂಡ ಮೇಲೆ ಹಣಕ್ಕೆ ನಡುವಿನ ಕೈಗಳ ಹಂಗು ತಪ್ಪಿತು.

ಆದರೆ ಈ ಹಣ ಮನೆಯ ಹೆಂಗಸಿನ ಹೆಸರಿಗೇ ಹೋಗಬೇಕೆಂಬುದನ್ನು ದೇಶದಗಲ ಮಾಡಿ ತೋರಿಸಿದ್ದು ಮೆಕ್ಸಿಕೊ. 1994ರ ಕೊನೆಯಲ್ಲಿ ಅಲ್ಲಿನ ನಾಣ್ಯ ಪೆಸೊ ಕುಸಿದು ಬಡವರ ಬದುಕು ಕಂಗೆಟ್ಟಿತು. ಸರ್ಕಾರ ಟೋರ್ಟಿಯಾಕ್ಕೆ, ಅಂದರೆ ಅವರ ಮೆಕ್ಕೆಜೋಳದ ರೊಟ್ಟಿಗೆ, ಸಬ್ಸಿಡಿ ಕೊಡುತ್ತಿತ್ತು. ಅದರ ಬಹುಪಾಲು ಪಟ್ಟಣಗಳಲ್ಲೇ ಮುಗಿದು, ಗುಡ್ಡಗಾಡಿನ ಹಳ್ಳಿಗಳಿಗೆ ತಲುಪುತ್ತಿದ್ದುದು ಅತ್ಯಲ್ಪ. ಹಣಕಾಸು ಇಲಾಖೆಯಲ್ಲಿದ್ದ ಅರ್ಥಶಾಸ್ತ್ರಜ್ಞ ಸಾಂಟಿಯಾಗೊ ಲೆವಿ, ರೊಟ್ಟಿಯ ಬದಲು ರೊಕ್ಕವನ್ನೇ ತಾಯಂದಿರ ಕೈಗೆ ಕೊಡೋಣ ಎಂದರು. 1997ರ ಆಗಸ್ಟ್‌ನಲ್ಲಿ ‘ಪ್ರೊಗ್ರೆಸಾ’ ಶುರುವಾಯಿತು. ಮಕ್ಕಳು ಶಾಲೆ ತಪ್ಪಿಸಬಾರದು, ಮನೆಯವರು ಆಸ್ಪತ್ರೆಯಲ್ಲಿ ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಳ್ಳಬೇಕು ಎಂಬುದು ಷರತ್ತು. ಪ್ರೌಢಶಾಲೆಗೆ ಹೋಗುವ ಹುಡುಗಿಗೆ ಹುಡುಗನಿಗಿಂತ ಹೆಚ್ಚು ಹಣ.

ಫಲವನ್ನು ಅಳೆಯುವ ಏರ್ಪಾಟನ್ನೂ ಅವರು ಮೊದಲೇ ಮಾಡಿಕೊಂಡಿದ್ದರು. 506 ಹಳ್ಳಿಗಳನ್ನು ಆರಿಸಿ 320ಕ್ಕೆ ಮೊದಲು ಹಣ ಕೊಟ್ಟು, ಉಳಿದ 186ಕ್ಕೆ ತಡವಾಗಿ ಕೊಟ್ಟರು. ಹಣ ಬಂದ ಹಳ್ಳಿಗಳಲ್ಲಿ ಹುಡುಗಿಯರು ಪ್ರೌಢಶಾಲೆಗೆ ಹೆಚ್ಚಾಗಿ ಸೇರಿದರು. ಮುಂದೆ ನಡೆದ ಒಂದು ಅಧ್ಯಯನದ ಪ್ರಕಾರ, ಆ ಮನೆಗಳು ಬಂದ ಪ್ರತಿ ನೂರರಲ್ಲಿ 74ನ್ನು ಖರ್ಚು ಮಾಡಿ ಉಳಿದದ್ದನ್ನು ದನಕರು, ಸಣ್ಣಪುಟ್ಟ ದುಡಿಮೆಗೆ ಹಾಕಿದ್ದವು. ಸರ್ಕಾರಗಳು ಬದಲಾದಂತೆ ಯೋಜನೆಯ ಹೆಸರೂ ಬದಲಾಗಿ, 2019ರಲ್ಲಿ ಅದು ಮುಗಿಯಿತು. ಅಷ್ಟರಲ್ಲಿ ಹತ್ತಾರು ದೇಶಗಳು ಅದೇ ಹಾದಿ ಹಿಡಿದಿದ್ದವು.

ಷರತ್ತೇ ಇಲ್ಲದೆ ಕೊಟ್ಟರೆ? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ದೇಶದ ಹಳ್ಳಿಗಳಲ್ಲೇ. ಇಳಾ ಭಟ್ 1972ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ‘ಸೇವಾ’ ಸಂಘಟನೆ ಯುನಿಸೆಫ್ ನೆರವಿನಿಂದ ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ 2011ರಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿತು. ಬಡವ-ಬಲ್ಲಿದ ಎನ್ನದೆ ಪ್ರತಿ ವಯಸ್ಕರಿಗೆ ತಿಂಗಳಿಗೆ 200 ರೂಪಾಯಿ, ಪ್ರತಿ ಮಗುವಿನ ಹೆಸರಲ್ಲಿ ತಾಯಿಗೆ 100 ರೂಪಾಯಿ. ವರ್ಷದ ನಂತರ ಅದು 300 ಮತ್ತು 150 ಆಯಿತು. ಜೊತೆಗೆ ಒಂದು ಆದಿವಾಸಿ ಹಳ್ಳಿಯನ್ನೂ ಸೇರಿಸಿಕೊಂಡರು. ಹಣ ಕೊಡದ ಅಕ್ಕಪಕ್ಕದ ಹಳ್ಳಿಗಳನ್ನು ಹೋಲಿಕೆಗೆ ಇಟ್ಟುಕೊಂಡರು.

ಐದು ಜನರ ಮನೆಗೆ ಇದು ತಿಂಗಳಿಗೆ ಎಂಟುನೂರು, ಸಾವಿರ ರೂಪಾಯಿಯ ಮಾತು. ಇಷ್ಟರಿಂದಲೇ ಮನೆಯೊಳಗಿನ ಲೆಕ್ಕ ಕದಲಿತು. ತಟ್ಟೆಗೆ ತರಕಾರಿ, ಹಾಲು ಹೆಚ್ಚಾಗಿ ಬಂದವು. ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ, ತೂಕ ಸುಧಾರಿಸಿತು. ಕಾಯಿಲೆ ಬಿದ್ದವರು ಮದ್ದನ್ನು ಅರ್ಧಕ್ಕೆ ನಿಲ್ಲಿಸುವುದು ತಗ್ಗಿತು. ಎಲ್ಲಕ್ಕಿಂತ ಗಮನ ಸೆಳೆಯುವುದು ಆದಿವಾಸಿ ಹಳ್ಳಿಯ ಕಥೆ. ಅಲ್ಲಿ ಬಿತ್ತನೆ ಬೀಜಕ್ಕೂ ಕಾಸಿಲ್ಲದೆ ಸ್ವಂತ ಹೊಲ ಬೀಳುಬಿಟ್ಟು ಪರರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದವರು, ಬೀಜ-ಗೊಬ್ಬರ ಕೊಂಡು ತಮ್ಮ ಹೊಲಕ್ಕೇ ಇಳಿದರು. ಬಿಟ್ಟಿ ಹಣ ಜನರನ್ನು ಸೋಮಾರಿ ಮಾಡುತ್ತದೆ ಎನ್ನುವವರು ಈ ಹಳ್ಳಿಯ ಕಥೆಯನ್ನು ಒಮ್ಮೆ ಓದಬೇಕು.

ಗಂಡಸರು ಕುಡಿದು ಹಾಳುಮಾಡುತ್ತಾರೆ ಎಂಬ ಮಾತನ್ನೂ ಲೋಕ ಪರೀಕ್ಷಿಸಿ ನೋಡಿದೆ. ಲ್ಯಾಟಿನ್ ಅಮೆರಿಕ, ಆಫ್ರಿಕ, ಏಷ್ಯಾಗಳ 19 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ, ನಗದು ಕೊಟ್ಟಾಗ ಹೆಂಡ-ತಂಬಾಕಿನ ಖರ್ಚು ಏರಲಿಲ್ಲ ಎಂದು 2017ರಲ್ಲಿ ಪ್ರಕಟಿಸಿದರು.

ಕೀನ್ಯಾದಿಂದ ಇನ್ನೊಂದು ಸೂಕ್ಷ್ಮ ತಿಳಿಯಿತು. ಅಲ್ಲಿನ ಹಳ್ಳಿಗಳಲ್ಲಿ ಒಂದು ಸಂಸ್ಥೆ ಮೊಬೈಲಿನ ಮೂಲಕ ಕೊಟ್ಟ ಹಣ ಒಂದೇ ಗಂಟಾಗಿ ಬಂದಲ್ಲಿ ಮನೆಗಳ ಹುಲ್ಲು ಮಾಡು ಹೋಗಿ ತಗಡು ಬಂತು. ಅದೇ ಹಣ ತಿಂಗಳು ತಿಂಗಳು ಬಂದಲ್ಲಿ ಉಪವಾಸದ ದಿನಗಳು ಕಡಿಮೆಯಾದವು. ಎಷ್ಟು ಬಂತು ಎಂಬುದರಷ್ಟೇ ಯಾವಾಗ ಬಂತು ಎಂಬುದೂ ಸಂಸಾರವನ್ನು ರೂಪಿಸುತ್ತದೆ.

ಇದನ್ನು ತಿಳಿದುಕೊಂಡು ಕರ್ನಾಟಕಕ್ಕೆ ಮರಳಬೇಕು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಹೆಸರಿರುವ ಹೆಂಗಸಿಗೆ ತಿಂಗಳಿಗೆ 2,000 ರೂಪಾಯಿ. ಕೋಟಿಗೂ ಮಿಕ್ಕಿ ಮನೆಗಳು. ಯಜಮಾನಿ ಅತ್ತೆಯೋ ಸೊಸೆಯೋ ಎಂಬ ಚರ್ಚೆ ಮನೆಮನೆಯಲ್ಲಿ ನಡೆಯಿತು. ಅದನ್ನು ಬರೀ ಜಗಳವೆಂದು ತಳ್ಳಿಹಾಕುವಂತಿಲ್ಲ. ಈ ಮನೆಯ ಯಜಮಾನಿ ಯಾರು ಎಂದು ಸರ್ಕಾರ ಕೇಳಿದ್ದೇ ಅನೇಕ ಹೆಂಗಸರ ಬದುಕಿನಲ್ಲಿ ಮೊದಲ ಸಲ.

ಒಣಬೇಸಾಯದ ಕುಟುಂಬದ ವರ್ಷವನ್ನು ನೋಡಿದರೆ ಈ ಎರಡು ಸಾವಿರದ ಬೆಲೆ ತಿಳಿಯುತ್ತದೆ. ಜೂನಿನಲ್ಲಿ ಬೀಜ-ಗೊಬ್ಬರದ ಖರ್ಚು, ಅದೇ ಹೊತ್ತಿಗೆ ಶಾಲೆಯ ಖರ್ಚು. ಕಳೆ ತೆಗೆಯುವಾಗ, ಸುಗ್ಗಿಯಲ್ಲಿ ಒಂದಿಷ್ಟು ಕೂಲಿ. ಜೋಳದ ರಾಶಿ ಮುಗಿದ ಮೇಲೆ ಕೆಲಸವಿಲ್ಲ. ಬೇಸಿಗೆಗೆ ಬೆಂಗಳೂರಿಗೋ ಗೋವೆಗೋ ಗುಳೆ. ನಡುವೆ ಯಾರಿಗಾದರೂ ಜ್ವರ ಬಂದರೆ ನೂರಕ್ಕೆ ಐದರ ಬಡ್ಡಿಗೆ ಕೈಸಾಲ. ಹೀಗೆ ಏರಿಳಿಯುವ ಬದುಕಿನಲ್ಲಿ ತಿಂಗಳಿಗೊಮ್ಮೆ ಈ ದುಡ್ಡು ತಪ್ಪದೆ ಬಂದರೆ ಕಿರಾಣಿ ಅಂಗಡಿಯ ಉದ್ರಿ ತೀರುತ್ತದೆ, ಅತ್ತೆಯ ಬಿ.ಪಿ. ಮಾತ್ರೆ ತಪ್ಪುವುದಿಲ್ಲ, ಮಗಳ ಪರೀಕ್ಷಾ ಶುಲ್ಕಕ್ಕೆ ಕಿವಿಯೋಲೆ ಒತ್ತೆಯಿಡಬೇಕಾಗಿಲ್ಲ. ಕೂಡಿಟ್ಟು ಹೊಲಿಗೆ ಯಂತ್ರ ಕೊಂಡವರಿದ್ದಾರೆ, ಆಡು ಕಟ್ಟಿದವರಿದ್ದಾರೆ. ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಕಂತುಗಳನ್ನೆಲ್ಲ ಉಳಿಸಿ ಊರಿಗೆ ಹೋಳಿಗೆ ಊಟ ಹಾಕಿಸಿದರು. ಬದುಕಿಡೀ ಬೇರೆಯವರ ಮನೆಯ ಪಂಕ್ತಿಯಲ್ಲಿ ಉಂಡವರಿಗೆ ಒಮ್ಮೆ ತಾನೂ ಬಡಿಸಬೇಕೆಂಬ ಹಂಬಲ ದೊಡ್ಡದು.

ಎಲ್ಲವೂ ನೆಟ್ಟಗಿಲ್ಲ. ಅನೇಕರಿಗೆ ಈ ಹಣ ಬಂದ ದಿನವೇ ವಾರದ ಸಂಘದ ಸಾಲದ ಕಂತಿಗೆ ಹೋಗುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬೆರಳಚ್ಚು ಹೊಂದದೆ ಬ್ಯಾಂಕಿನಿಂದ ಹಿಂದಿರುಗುವ ಮುದುಕಿಯರಿದ್ದಾರೆ. ಅಕ್ಕಿ ಸಿಗದೆ ಅನ್ನಭಾಗ್ಯದ ಐದು ಕೆಜಿಗೆ ಬದಲಾಗಿ ತಲೆಗೆ 170 ರೂಪಾಯಿ ಕೊಟ್ಟ ಕಾಲದಲ್ಲಿ, ಅಂಗಡಿಯಲ್ಲಿ ಅಷ್ಟಕ್ಕೆ ಅಷ್ಟು ಒಳ್ಳೆಯ ಅಕ್ಕಿ ಸಿಗದೆಂದು ಹೆಂಗಸರು ದೂರಿದ್ದರು. ಅವರ ಮಾತು ನಿಜವಾಗಿತ್ತು. ನಗದು ಎಲ್ಲಕ್ಕೂ ಬದಲಿಯಲ್ಲ. ನಂತರ ಅಕ್ಕಿಯೇ ಮರಳಿತು.

ಎಲ್ಲಕ್ಕಿಂತ ದೊಡ್ಡ ತೊಡಕು ತಾರೀಕಿನದು. ಗೃಹಲಕ್ಷ್ಮಿಯ ಕಂತುಗಳು ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿವೆ. ಹಣ ನಿಂತ ತಿಂಗಳು ಉದ್ರಿ ಮತ್ತೆ ಬೆಳೆಯುತ್ತದೆ, ಕೈಸಾಲ ಮತ್ತೆ ಮನೆಗೆ ಬರುತ್ತದೆ. ಮೂರು ತಿಂಗಳ ಮೇಲೆ ಆರು ಸಾವಿರ ಒಟ್ಟಿಗೆ ಬಿದ್ದರೂ ನಡುವೆ ಕಟ್ಟಿದ ಬಡ್ಡಿ ಹಿಂದೆ ಬರುವುದಿಲ್ಲ. ವರ್ಷಕ್ಕೆ 28 ಸಾವಿರ ಕೋಟಿ ರೂಪಾಯಿ ಮೀಸಲಿಡುವ ಸರ್ಕಾರ, ನೌಕರರ ಸಂಬಳಕ್ಕೆ ದಿನ ಗೊತ್ತುಮಾಡಿದಂತೆ ಇದಕ್ಕೂ ಒಂದು ದಿನ ಗೊತ್ತುಮಾಡಲಿ. ಆ ತಾರೀಕನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಲಿ.