ಮರಳಿನಲ್ಲಿ ಗೆರೆ ಎಳೆದು ಕಟ್ಟಿದ ಊರು

ಪೆರು ದೇಶದ ರಾಜಧಾನಿ ಲಿಮಾದ ದಕ್ಷಿಣಕ್ಕೆ, ಪೆಸಿಫಿಕ್ ಕಡಲಿಗೂ ಬರಡು ದಿಬ್ಬಗಳಿಗೂ ನಡುವೆ ಹರಡಿಕೊಂಡು, ಇಂದು ಸುಮಾರು 4 ಲಕ್ಷ ಜನರಿಗೆ ನೆಲೆಯಾಗಿರುವ ವಿಯಾ ಎಲ್ ಸಾಲ್ವಡಾರ್, ನಿವೇಶನವಿಲ್ಲದವರ ಭೂ ಆಕ್ರಮಣದಿಂದ ಹುಟ್ಟಿದ ಊರು. ಬಹುಪಾಲು ಆಂಡೀಸ್ ಬೆಟ್ಟಸೀಮೆಯಿಂದ ವಲಸೆ ಬಂದು ಲಿಮಾದ ಇಕ್ಕಟ್ಟಿನ ಬಾಡಿಗೆ ಕೋಣೆಗಳಲ್ಲಿ ದಿನ ನೂಕುತ್ತಿದ್ದವರಲ್ಲಿ ಸುಮಾರು 200 ಕುಟುಂಬಗಳು 1971ರ ಏಪ್ರಿಲ್ ಕೊನೆಯಲ್ಲಿ ಪಾಂಪ್ಲೋನಾ ಎಂಬಲ್ಲಿ ಎಸ್ತೇರಾಗಳನ್ನು, ಅಂದರೆ ಹೆಣೆದ ಜೊಂಡಿನ ಚಾಪೆಗಳನ್ನು, ಗೋಡೆಯಾಗಿ ನಿಲ್ಲಿಸಿ ಬೀಡುಬಿಟ್ಟವು. ಕೆಲವೇ ದಿನಗಳಲ್ಲಿ ಅವು ಸಾವಿರಾರು ಕುಟುಂಬಗಳಾದವು. ಪೊಲೀಸರೊಡನೆ ನಡೆದ ಘರ್ಷಣೆಯಲ್ಲಿ ಪ್ರಾಣಹಾನಿಯಾಗಿ, ನಿರ್ವಸತಿಗರ ನಡುವೆ ಬಲಿಪೂಜೆ ಅರ್ಪಿಸಿದ ಬಿಷಪ್ ಲೂಯಿಸ್ ಬಾಂಬಾರೆನ್ ಬಂಧನಕ್ಕೊಳಗಾದಾಗ, ಬಡವರ ಪರವೆಂದು ಹೇಳಿಕೊಳ್ಳುತ್ತಿದ್ದ ಜನರಲ್ ವೆಲಾಸ್ಕೋ ಅವರ ಸೈನಿಕ ಸರ್ಕಾರ ಮುಜುಗರಕ್ಕೆ ಸಿಲುಕಿತು. ಅದು ಹುಡುಕಿದ ಪರಿಹಾರವೆಂದರೆ ತಬ್ಲಾದಾ ದೆ ಲುರಿನ್ ಎಂಬ ಮರಳುಗಾಡು. ನೀರು, ವಿದ್ಯುತ್, ರಸ್ತೆ ಯಾವುದೂ ಇಲ್ಲದ ಆ ಬಯಲಿಗೆ ಮೇ ತಿಂಗಳಲ್ಲಿ ಜನರನ್ನು ಲಾರಿಗಳಲ್ಲಿ ಸಾಗಿಸಿದ್ದನ್ನು ಔದಾರ್ಯವೆಂದು ಕರೆಯುವುದು ಕಷ್ಟ.

ಅಲ್ಲಿ ಸರ್ಕಾರದಿಂದ ದೊರೆತದ್ದು ಮರಳು ಮತ್ತು ಒಂದು ನಕ್ಷೆ. ನಕ್ಷೆಯಂತೆ 24 ನಿವೇಶನಗಳು ಸೇರಿದರೆ ಒಂದು 'ಮನ್ಸಾನಾ', ಅಂಥ 16 ಮನ್ಸಾನಾಗಳು ಸೇರಿದರೆ 384 ಕುಟುಂಬಗಳ ಒಂದು ವಸತಿ ಗುಂಪು. ಪ್ರತಿ ಗುಂಪಿನ ನಡುವೆ ಎಲ್ಲರಿಗೂ ಸೇರಿದ ಒಂದು ಬಯಲು. ಕಾಗದದ ಮೇಲಿನ ಈ ಗೆರೆಗಳು ಜೀವ ತಳೆದದ್ದು, ಪ್ರತಿ ಮನ್ಸಾನಾದವರೂ ತಮ್ಮ ಪ್ರತಿನಿಧಿಗಳನ್ನು ಆರಿಸಿ 1973ರಲ್ಲಿ ಕ್ವಾವೆಸ್ ಎಂಬ ಸ್ವಯಮಾಡಳಿತ ಸಂಘಟನೆಯನ್ನು ಕಟ್ಟಿಕೊಂಡ ಮೇಲೆ. ಶಾಲೆ ಎದ್ದದ್ದು, ನಲ್ಲಿಗಾಗಿ ಲಿಮಾದವರೆಗೆ ಮೆರವಣಿಗೆ ಹೋದದ್ದು, ನಡುಬಯಲಿನಲ್ಲಿ ಸಾಮೂಹಿಕ ಅಡುಗೆಮನೆಯ ಒಲೆ ಹೊತ್ತಿದ್ದು ಎಲ್ಲವೂ ಈ ಬಗೆಯ ಸಂಘಟನೆಯ ಬಲದಿಂದಲೇ. 1983ರಲ್ಲಿ ಊರು ಪ್ರತ್ಯೇಕ ಆಡಳಿತ ಜಿಲ್ಲೆಯಾಯಿತು. 1987ರಲ್ಲಿ ಅದಕ್ಕೆ ಸ್ಪೇನಿನ ಆಸ್ತೂರಿಯಾಸ್ ರಾಜಕುಮಾರ ಪ್ರಶಸ್ತಿ ಸಂದಿತು.

ಆ ಅಡುಗೆಮನೆಗಳನ್ನೂ ಮಕ್ಕಳಿಗೆ ಹಾಲು ಹಂಚುವ ಸಮಿತಿಗಳನ್ನೂ ನಡೆಸುತ್ತಿದ್ದವರು ಹೆಂಗಸರು. ಅವರ ಒಕ್ಕೂಟವನ್ನು ಮುನ್ನಡೆಸಿ ಮುಂದೆ ಉಪಮೇಯರ್ ಆದ ಮರಿಯಾ ಎಲೆನಾ ಮೊಯಾನೋ, 'ಹೊಳೆಯುವ ಹಾದಿ' ಎಂಬ ಸಶಸ್ತ್ರ ಮಾವೋವಾದಿ ಪಕ್ಷದ ಬೆದರಿಕೆಗೆ ಮಣಿಯದೆ ಬಹಿರಂಗವಾಗಿ ಅದನ್ನು ಖಂಡಿಸಿ, 1992ರ ಫೆಬ್ರವರಿ 15ರಂದು ಅದರ ಕೈಯಲ್ಲೇ ಹತರಾದರು.

ಇಂದು ಲಿಮಾದ ಮೆಟ್ರೋ ಇಲ್ಲಿಯವರೆಗೆ ಬರುತ್ತದೆ, ಚಾಪೆಯ ಗೋಡೆಗಳ ಜಾಗದಲ್ಲಿ ಇಟ್ಟಿಗೆಯ ಮಹಡಿಗಳಿವೆ. ಪಾಂಪ್ಲೋನಾ ಆಕ್ರಮಣಕ್ಕೆ ಸರಿಯಾಗಿ 50 ವರ್ಷ ತುಂಬಿದ 2021ರ ಏಪ್ರಿಲ್‌ನಲ್ಲಿ ಸಾವಿರಾರು ನಿರ್ವಸತಿಗರು ಇದೇ ಊರಿನ ಲೋಮೋ ದೆ ಕೊರ್ವಿನಾ ಎಂಬ ಮರಳುದಿಬ್ಬವನ್ನೇರಿ ಗುಡಿಸಲು ಹಾಕಿದರು. ಪೊಲೀಸರು ಅವರನ್ನು ಅಲ್ಲಿಂದ ತೆರವುಗೊಳಿಸಿದರು.