ಹುಲ್ಲಿನ ಮೆಷಿನ್ನಿನ ದಾಯಾದಿ

ಪಂಜದ ಸುತ್ತಮುತ್ತಲ ಅಡಿಕೆ ತೋಟಗಳಲ್ಲಿ ಮಳೆ ಒಂದಿಷ್ಟು ಹೊಳವಾಯಿತೆಂದರೆ ಎರಡು ಬಗೆಯ ಸದ್ದು ಏಳುತ್ತದೆ. ಒಂದು ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ಪಂಪಿನದು, ಇನ್ನೊಂದು ಹುಲ್ಲು ತೆಗೆಯುವ ಮೆಷಿನ್ನಿನದು. ಈ ಎರಡನೆಯದರಲ್ಲಿ ಸಾಮಾನ್ಯವಾಗಿ ಇರುವುದು ಹೆಗಲಿಗೆ ನೇತುಹಾಕಿಕೊಂಡು ತಿರುಗಬಹುದಾದಷ್ಟು ಹಗುರದ, 30ರಿಂದ 50 ಸಿಸಿಯ, ಗಾಳಿಯಿಂದಲೇ ತಣಿಯುವ ಎರಡು ಸ್ಟ್ರೋಕಿನ ಪೆಟ್ರೋಲ್ ಎಂಜಿನ್. ಅದರದೇ ದಾಯಾದಿಯೊಂದು ಸ್ಪಿಟ್‌ಫೈರ್, ಹರಿಕೇನ್, ಮಸ್ಟಾಂಗ್‌ಗಳ ಮೂಗಿನಲ್ಲಿ ಕೂತು ಹಾರುತ್ತದೆ. ಎರಡನೇ ಮಹಾಯುದ್ಧದ ಅಸಲಿ ವಿಮಾನಗಳಲ್ಲಲ್ಲ. ಅವುಗಳ ಐದನೆಯ ಅಥವಾ ಆರನೆಯ ಒಂದಂಶ ಅಳತೆಯ, ನೆಲದಲ್ಲಿ ನಿಂತು ರೇಡಿಯೊ ರಿಮೋಟಿನಿಂದ ನಡೆಸುವ ಮಾದರಿಗಳಲ್ಲಿ.

ಏರೋಮಾಡೆಲಿಂಗ್ ಅನ್ನುವ ಈ ಹವ್ಯಾಸದ ಪರಿಚಯ ನಮ್ಮಲ್ಲಿ ಹೆಚ್ಚಿನವರಿಗೆ ಆಗುವುದು ಎನ್‌ಸಿಸಿ ವಾಯುದಳದ ಮೂಲಕ. ವಾಯು ಸೈನಿಕ ಕ್ಯಾಂಪಿನ ಸ್ಪರ್ಧೆಗಳಲ್ಲಿ ಮಾದರಿ ವಿಮಾನ ಕಟ್ಟುವುದು, ಹಾರಿಸುವುದೂ ಸೇರಿದೆ. ಅಲ್ಲಿ ಬಾಲ್ಸಾ ಮರದ ಪಟ್ಟಿಗೆ ಅಂಟು ಹಚ್ಚಿ ಕೈ ಪಳಗಿಸಿಕೊಂಡವರಲ್ಲಿ ಕೆಲವರಿಗೆ ಮುಂದೆ ಹಳೆಯ ಯುದ್ಧವಿಮಾನಗಳ ಹುಚ್ಚು ಹತ್ತುತ್ತದೆ. ವಾರ್‌ಬರ್ಡ್ ಎಂದು ಕರೆಯುವುದು ಇವನ್ನೇ. ಬಣ್ಣ, ಗುರುತು, ರೆಕ್ಕೆಯೊಳಗೆ ಮಡಚಿಕೊಳ್ಳುವ ಚಕ್ರ, ಎಲ್ಲವೂ ಅಸಲಿನಂತೆಯೇ ಇರಬೇಕೆಂಬ ಹಟ ಇಲ್ಲಿಯದು. ಕಟ್ಟಲು ತಿಂಗಳುಗಟ್ಟಲೆ ಬೇಕು, ಮುರಿಯಲು ಅರೆಕ್ಷಣ ಸಾಕು. ಹಾಗಾಗಿ ಎಂಜಿನ್ ಆರಿಸುವಾಗ ತಲೆಕೆಡಿಸಿಕೊಳ್ಳುವುದು ಸಹಜವೇ.

ಬಹುಕಾಲ ಮಾದರಿ ವಿಮಾನಗಳಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಗ್ಲೋ ಎಂಜಿನ್. ಮೆಥನಾಲಿಗೆ ಹರಳೆಣ್ಣೆಯನ್ನೋ ಸಿಂಥೆಟಿಕ್ ಎಣ್ಣೆಯನ್ನೋ, ಜತೆಗೆ ಸ್ವಲ್ಪ ನೈಟ್ರೋಮೀಥೇನನ್ನೂ ಬೆರೆಸಿ ಕುಡಿಸಬೇಕು. ಚಿಕ್ಕ ವಿಮಾನಕ್ಕೆ ಅದು ಇಂದಿಗೂ ಸರಿ. ಆದರೆ ಮೆಥನಾಲ್ ಊರಿನ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ದೊಡ್ಡ ಎಂಜಿನ್ನಾದರೆ ಅದನ್ನು ಕುಡಿಯುವ ವೇಗ ನೋಡಿಯೇ ಹಾರಿಸುವವನ ಎದೆ ಒಡೆಯುತ್ತದೆ. ಪೆಟ್ರೋಲಾದರೆ ಬಂಕಿನಲ್ಲಿ ಸಿಗುತ್ತದೆ. 50 ಸಿಸಿಯ ಎಂಜಿನ್ನಿಗೆ ಅರ್ಧ ಲೀಟರ್ ಹಾಕಿದರೆ ಹತ್ತು ನಿಮಿಷದ ಹಾರಾಟಕ್ಕೆ ಧಾರಾಳ.

ಇಂದಿನ ದೊಡ್ಡ ಮಾದರಿಗಳ ಪೆಟ್ರೋಲ್ ಎಂಜಿನ್ ಆಕಾಶಕ್ಕೆ ಏರಿದ್ದು ತೋಟ, ಕಾಡುಗಳ ದಾರಿಯಾಗಿಯೇ. ಮರ ಕೊಯ್ಯುವ ಗರಗಸದ ಮೆಷಿನನ್ನು ಅಡ್ಡ ಹಿಡಿಯುತ್ತೇವೆ, ತಲೆಕೆಳಗೆ ಮಾಡುತ್ತೇವೆ, ಅದು ನಿಲ್ಲಬಾರದು. ಹಳೆಯ ಬೈಕುಗಳಂತೆ ತೇಲುಬುರುಡೆ ಇರುವ ಕಾರ್ಬೊರೇಟರ್ ಅಲ್ಲಿ ನಡೆಯದು. ಅದಕ್ಕಾಗಿ ತೆಳು ಪೊರೆಯೊಂದು ಮಿಡಿಯುತ್ತಾ ಪೆಟ್ರೋಲನ್ನು ಎಳೆದುಕೊಳ್ಳುವ ಡಯಾಫ್ರಾಮ್ ಕಾರ್ಬೊರೇಟರ್ ಬಂತು. ವಾಲ್ಬ್ರೋ ಎಂಬ ಹೆಸರು ಅದರ ಮೈಮೇಲೆ ಇರುವುದನ್ನು ರಿಪೇರಿ ಮಾಡುವವರೆಲ್ಲ ನೋಡಿರುತ್ತಾರೆ. ಗರಗಸ ಮಗುಚಿದರೂ ನಿಲ್ಲದ ಎಂಜಿನ್ ವಿಮಾನ ಮಗುಚಿದರೂ ನಿಲ್ಲುವುದಿಲ್ಲ. ಹವ್ಯಾಸಿಗಳಿಗೆ ಬೇಕಾದದ್ದೂ ಅದೇ. ಜಪಾನಿನ ಜೆನೋವಾ ಕಂಪನಿ ಹುಲ್ಲಿನ ಮೆಷಿನ್ನು, ಗರಗಸಗಳ ಜತೆಗೆ ಜಿ-23, ಜಿ-38, ಜಿ-62 ಎಂಬ ವಿಮಾನದ ಎಂಜಿನ್ನುಗಳನ್ನೂ ಮಾಡಿತು. ಹೆಸರಿನ ಅಂಕಿಯೇ ಸಿಸಿ. ಆಮೇಲೆ ವಿಮಾನಕ್ಕೆಂದೇ ರೂಪಿಸಿದ ಅಮೆರಿಕದ ಡೆಸರ್ಟ್ ಏರ್‌ಕ್ರಾಫ್ಟಿನ ಎಂಜಿನ್ನುಗಳು, ಚೀನಾದ ಡಿಎಲ್‌ಇ ಸಾಲು ಬಂದವು. ಕಾರ್ಬೊರೇಟರ್ ಮಾತ್ರ ಅದೇ ಬಗೆಯದು.

ಹಾಗಾದರೆ ತೋಟದ ಮೆಷಿನ್ನನ್ನೇ ಬಿಚ್ಚಿ ವಿಮಾನಕ್ಕೆ ಕೂರಿಸಿದರಾಗದೇ ಎಂಬ ಪ್ರಶ್ನೆ ನಮ್ಮ ಕಡೆಯವರಿಗೆ ಬಂದೇ ಬರುತ್ತದೆ. ಬರಬೇಕಾದದ್ದೇ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕರೊಬ್ಬರು ಪುಟ್ಟ ಪೆಟ್ರೋಲ್ ಎಂಜಿನ್ ಇಟ್ಟು ಅಡಿಕೆ ಮರ ಹತ್ತುವ ಬೈಕನ್ನೇ ಮಾಡಿದ್ದು 2019ರಲ್ಲಿ ದೇಶಕ್ಕೆಲ್ಲ ಸುದ್ದಿಯಾಗಿತ್ತು. ಮಾದರಿ ವಿಮಾನದಲ್ಲೂ ಹಾಗೆ ಮಾಡಿದವರಿದ್ದಾರೆ. ಕ್ಲಚ್ಚು, ಹಗ್ಗ ಎಳೆಯುವ ಸ್ಟಾರ್ಟರ್, ಪ್ಲಾಸ್ಟಿಕ್ ಮುಚ್ಚಳ ತೆಗೆದು, ಫ್ಲೈವೀಲಿನ ಫ್ಯಾನ್ ಎಲೆಗಳನ್ನು ಲೇತಿನಲ್ಲಿ ಸವರಿ, ಪ್ರೊಪೆಲ್ಲರಿಗೆ ಹಬ್ ಕಡೆಸಿ ಹಾಕುತ್ತಾರೆ. ತೊಡಕು ಇರುವುದು ಬೇರಿಂಗಿನಲ್ಲಿ. ಹುಲ್ಲಿನ ಮೆಷಿನ್ನಿನ ಕ್ರ್ಯಾಂಕ್ ತಿರುಗಿಸುವ ಕೆಲಸಕ್ಕೆ ಮಾಡಿದ್ದು, ಎಳೆಯುವ ಕೆಲಸಕ್ಕಲ್ಲ. ಪ್ರೊಪೆಲ್ಲರ್ ಇಡೀ ವಿಮಾನವನ್ನು ಮುಂದಕ್ಕೆ ಎಳೆಯುತ್ತದೆ. ವಿಮಾನ ಗಕ್ಕನೆ ತಿರುಗಿದಾಗ ಬಗರಿಯಂತೆ ವರ್ತಿಸಿ ಶಾಫ್ಟನ್ನು ಬಗ್ಗಿಸಲು ನೋಡುತ್ತದೆ. ವಿಮಾನಕ್ಕೆಂದೇ ಮಾಡಿದ ಎಂಜಿನ್ನಿನ ಮುಂಭಾಗ ಇದನ್ನು ತಡೆಯುವಂತೆ ದಪ್ಪಗಿರುತ್ತದೆ. ಲೇತಿನ ಕೆಲಸ ಒಂದು ಕೂದಲೆಳೆ ಆಚೀಚೆ ಆದರೂ 7,000 ಸುತ್ತಿನಲ್ಲಿ ಹಬ್ ಅಲುಗಾಡಿ ಪ್ರೊಪೆಲ್ಲರ್ ಚೂರಾಗಬಹುದು. ಹಳೆಯ ಎಂಜಿನ್ ಬಿಚ್ಚಿ ಕಲಿಯಲು ಒಳ್ಳೆಯದು. ಹಾರಿಸಲು ಹಾರುವ ಎಂಜಿನ್ನೇ ಆಗಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಆಯ್ಕೆಯ ವಿಚಾರ. ಹೊಸಬರು ಕೇಳುವ ಮೊದಲ ಪ್ರಶ್ನೆ ಎಷ್ಟು ಸಿಸಿ ಎಂದು. ಅಂದಾಜಿಗೆ 1/5 ಅಳತೆಯ, ಎರಡೂಕಾಲು ಮೀಟರ್ ರೆಕ್ಕೆಯ, ಹತ್ತು ಕಿಲೋ ಆಸುಪಾಸಿನ ವಾರ್‌ಬರ್ಡ್‌ಗೆ 50ರಿಂದ 60 ಸಿಸಿ. 1/6 ಅಳತೆಗೆ 30ರಿಂದ 38. ಇಷ್ಟು ಹೇಳಿದರೆ ಸಿಸಿಯ ಮಾತು ಮುಗಿಯಿತು. ಕೇಳಬೇಕಾದ ಪ್ರಶ್ನೆ ಬೇರೆ: ಆ ವಿಮಾನದ ಮೂಗು ಎಷ್ಟು ಉದ್ದ, ಎಷ್ಟು ಅಗಲ?

ಉದ್ದದ ಲೆಕ್ಕ ತೂಕಕ್ಕೆ ಸಂಬಂಧಿಸಿದ್ದು. ವಿಮಾನದ ಗುರುತ್ವಕೇಂದ್ರ ರೆಕ್ಕೆಯ ಮುಂಭಾಗದ ಒಂದು ಜಾಗದಲ್ಲೇ ಬೀಳಬೇಕು. ಒಂದಿಷ್ಟು ಹಿಂದೆ ಸರಿದರೂ ಏರಿದ ವಿಮಾನ ಕೈಗೆ ಸಿಗದು. ಯುದ್ಧವಿಮಾನಗಳಲ್ಲಿ ಹೆಚ್ಚಿನವುಗಳದು ಮೋಟು ಮೂಗು, ಉದ್ದ ಬಾಲ. ಎಂಜಿನ್ ಕೇಂದ್ರದಿಂದ 30 ಸೆಂಟಿಮೀಟರ್ ಮುಂದೆ, ಬಾಲ 120 ಸೆಂಟಿಮೀಟರ್ ಹಿಂದೆ ಎಂದಿಟ್ಟುಕೊಳ್ಳಿ. ಬಾಲಕ್ಕೆ ಬಣ್ಣವೋ ಅಂಟೋ ಜಾಸ್ತಿಯಾಗಿ 100 ಗ್ರಾಂ ಏರಿದರೆ ಮೂಗಿಗೆ 400 ಗ್ರಾಂ ಸೀಸ ಸೇರಿಸಬೇಕು. ಆ ಸೀಸ ಕೆಲಸ ಮಾಡುವುದಿಲ್ಲ, ಸುಮ್ಮನೆ ಸವಾರಿ ಮಾಡುತ್ತದೆ.

ಇಲ್ಲಿ ಹಳೆಯ ಜೆನೋವಾ ಜಿ-62ರ ದಢೂತಿ ಮೈ ಲಾಭಕ್ಕೆ ಬರುತ್ತದೆ. ಅದರ ಕಿಡಿ ಹುಟ್ಟುವುದು ಹುಲ್ಲಿನ ಮೆಷಿನ್ನಿನಂತೆಯೇ ಅಯಸ್ಕಾಂತ ಹೊತ್ತ ಫ್ಲೈವೀಲಿನಿಂದ. ಎಂಜಿನ್ನಿನ ತೂಕ ಸುಮಾರು 2 ಕಿಲೋ. ಅಷ್ಟೇ ಗಾತ್ರದ ಹೊಸ ಎಂಜಿನ್ನುಗಳಲ್ಲಿ ಫ್ಲೈವೀಲ್ ಇಲ್ಲ. ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರಾನಿಕ್ ಇಗ್ನಿಷನ್. ಒಂದೂವರೆ ಕಿಲೋದ ಆಸುಪಾಸು, ಕೈಯಲ್ಲಿ ಪ್ರೊಪೆಲ್ಲರ್ ತಟ್ಟಿದರೆ ಸ್ಟಾರ್ಟ್, ನಿಧಾನಗತಿಯಲ್ಲೂ ಮೆತ್ತಗೆ ನಡೆಯುತ್ತದೆ. ಹಗುರ ಎಂದರೆ ಒಳ್ಳೆಯದು ಎಂದು ಎಲ್ಲರೂ ಅದನ್ನು ಕೊಳ್ಳುತ್ತಾರೆ. ಕೊಂಡು ತಂದು ಸ್ಪಿಟ್‌ಫೈರಿನ ಮೂಗಿಗೆ ಹಾಕಿ, ಉಳಿಸಿದ ಅರ್ಧ ಕಿಲೋವನ್ನು ಸೀಸದ ರೂಪದಲ್ಲಿ ಮತ್ತೆ ಹಾಕುತ್ತಾರೆ. ಮೂಗು ಉದ್ದವಿರುವ ಮಸ್ಟಾಂಗಿಗೆ ಹಗುರದ ಎಂಜಿನ್ ಸರಿ. ಮೋಟು ಮೂಗಿಗೆ ದಢೂತಿಯೇ ವಾಸಿ. ಹೊಸ ಬಗೆಯನ್ನೇ ಹಾಕುವುದಾದರೆ ಇಗ್ನಿಷನ್ ಪೆಟ್ಟಿಗೆ, ಬ್ಯಾಟರಿಗಳನ್ನೂ ಆದಷ್ಟು ಮುಂದೆ ಇಟ್ಟರಾಯಿತು. ರೇಡಿಯೊ ರಿಸೀವರಿನಿಂದ ಅಡಿಯಷ್ಟು ದೂರ ಇದ್ದರೆ ಕಿಡಿಯ ಗಲಾಟೆ ರಿಸೀವರಿಗೆ ಮುಟ್ಟದು.

ಅಗಲದ ಲೆಕ್ಕಕ್ಕೆ ಬೆಂಗಳೂರಿನ ಚರಿತ್ರೆಯ ಸಹಾಯ ಪಡೆಯಬಹುದು. ವಾರ್‌ಬರ್ಡ್ ಅಂದೊಡನೆ ಎಲ್ಲರೂ ಸ್ಪಿಟ್‌ಫೈರ್, ಮಸ್ಟಾಂಗ್ ಎನ್ನುತ್ತಾರೆ. ನಮ್ಮದೇ ರಾಜ್ಯದಲ್ಲಿ ಜೋಡಿಸಿದ, ಮರುಜೀವ ಕೊಟ್ಟ ವಿಮಾನಗಳ ಮಾದರಿ ಕಟ್ಟುವವರು ಕಡಿಮೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜತೆ ಸೇರಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಅಂದರೆ ಎಚ್‌ಎಎಲ್, ಕಟ್ಟಿದರು. ಮರುವರ್ಷ ಅಲ್ಲಿಂದ ಹಾರ್ಲೋ ತರಬೇತಿ ವಿಮಾನ, 1942ರಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನ ಹಾರಿದವು. ಯುದ್ಧ ಮುಗಿದ ಮೇಲಿನ ಕತೆ ಇನ್ನೂ ಸ್ವಾರಸ್ಯದ್ದು. ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಎಚ್‌ಎಎಲ್‌ನವರು ಹಾರುವಷ್ಟರ ಮಟ್ಟಿಗೆ ರಿಪೇರಿ ಮಾಡಿದರು. ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಸರಿಯಾದ ನಲ್ವತ್ತಕ್ಕೂ ಹೆಚ್ಚು ಲಿಬರೇಟರುಗಳು ವಾಯುಪಡೆಗೆ ಸೇರಿ 1968ರವರೆಗೆ ದುಡಿದವು. ಅವುಗಳಲ್ಲಿ ಕೆಲವು ಇಂದು ಬ್ರಿಟನ್, ಅಮೆರಿಕ, ಕೆನಡಾಗಳ ಮ್ಯೂಸಿಯಮ್ಮುಗಳಲ್ಲಿವೆ. ನಾಲ್ಕು ಎಂಜಿನ್ನಿನ ಲಿಬರೇಟರ್ ಮಾದರಿ ಮೊದಲ ಕೆಲಸವಾಗಿ ಬೇಡ. ಒಂದು ಎಂಜಿನ್ನಿನ ರಿಪೇರಿಯೇ ಸಾಕಷ್ಟಿರುತ್ತದೆ.

ಹಾಕ್ ಒಳ್ಳೆಯ ಆಯ್ಕೆ. ಅದರ ಅಸಲಿ ಎಂಜಿನ್ ಒಂಬತ್ತು ಸಿಲಿಂಡರುಗಳು ನಕ್ಷತ್ರದಂತೆ ಸುತ್ತ ಹರಡಿದ ರೇಡಿಯಲ್. ಹಾಗಾಗಿ ಮೂಗು ದುಂಡಗೆ, ಅಗಲವಾಗಿದೆ. 1/5 ಅಳತೆಯಲ್ಲಿ ರೆಕ್ಕೆ 2.28 ಮೀಟರ್. ನಮ್ಮ ಒಂದು ಸಿಲಿಂಡರಿನ ಎಂಜಿನ್, ಸೈಲೆನ್ಸರ್ ಸಮೇತ, ಮೂಗಿನ ಕವಚದೊಳಗೆ ಆರಾಮಾಗಿ ಅಡಗುತ್ತದೆ. ಹಾರ್ವರ್ಡ್, ಟೆಂಪೆಸ್ಟ್-2, ಥಂಡರ್‌ಬೋಲ್ಟ್ ಇವುಗಳದೂ ಇದೇ ಅನುಕೂಲ. ಸ್ಪಿಟ್‌ಫೈರಿನದು 27 ಲೀಟರಿನ ಮರ್ಲಿನ್ ಎಂಜಿನ್ನಿಗಾಗಿ ಮಾಡಿದ ಕಿರಿದಾದ ಮೂಗು. ಸಿಲಿಂಡರನ್ನು ತಲೆಕೆಳಗಾಗಿಯೋ ಪಕ್ಕಕ್ಕೋ ಮಲಗಿಸಬೇಕು, ಆದರೂ ಪ್ಲಗ್ಗಿನ ಟೋಪಿ ಹೊರಗಿಣುಕುವುದುಂಟು. ಎಚ್‌ಎಎಲ್ ತಾನೇ ವಿನ್ಯಾಸ ಮಾಡಿ 1951ರಲ್ಲಿ ಹಾರಿಸಿದ ಎಚ್‌ಟಿ-2 ತರಬೇತಿ ವಿಮಾನದ್ದು ಕಿರಿದಾದ ಮೂಗಾದರೂ, ಅಸಲಿಯಲ್ಲೇ ನಾಲ್ಕು ಸಿಲಿಂಡರುಗಳು ತಲೆಕೆಳಗಾಗಿ ಸಾಲಾಗಿ ನಿಂತಿದ್ದವು. ತಲೆಕೆಳಗಾದ ಪೆಟ್ರೋಲ್ ಎಂಜಿನ್ ಅಲ್ಲಿ ಒಪ್ಪವಾಗಿ ಕೂರುತ್ತದೆ. ವಿ. ಎಂ. ಘಾಟಗೆ ಅವರ ತಂಡದ ಆ ವಿಮಾನವನ್ನು ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲಿ ಹತ್ತಿರದಿಂದ ನೋಡಿ ಅಳತೆ ಮನಸ್ಸಿಗೆ ತಂದುಕೊಳ್ಳಬಹುದು. ಅದನ್ನು ಯುದ್ಧವಿಮಾನ ಎನ್ನಲಾಗದೆಂದು ತಕರಾರು ಮಾಡುವವರು ಮಾಡಲಿ.

ಅಗಲ ಮೂಗಿಗೆ ಒಂದು ಅಪಾಯವೂ ಇದೆ. ಗಾಳಿ ಒಳಗೆ ಬಂದು ಸಿಲಿಂಡರನ್ನು ಮುಟ್ಟದೆ ಖಾಲಿ ಜಾಗದಲ್ಲಿ ಸುತ್ತಿ ಹೋಗುತ್ತದೆ. ತೋಟದ ಮೆಷಿನ್ನಿಗೆ ಫ್ಯಾನ್ ಇದೆ, ವಿಮಾನದ ಎಂಜಿನ್ನಿಗಿಲ್ಲ. ತೆಳು ಹಲಗೆಯಿಂದ ತಡೆ ಕಟ್ಟಿ, ಬಂದ ಗಾಳಿಯೆಲ್ಲ ಸಿಲಿಂಡರಿನ ರೆಕ್ಕೆಗಳ ನಡುವೆಯೇ ನುಗ್ಗುವಂತೆ ಮಾಡಬೇಕು. ಹೊರಹೋಗುವ ಕಿಂಡಿ ಒಳಬರುವುದರ ಎರಡು-ಮೂರು ಪಟ್ಟು ದೊಡ್ಡದಿರಬೇಕು. ಇದನ್ನು ಬಿಟ್ಟವರ ಪಿಸ್ಟನ್ ಸೀಜ್ ಆಗುತ್ತದೆ, ಅದೂ ಆಕಾಶದಲ್ಲಿ.

ಪ್ರೊಪೆಲ್ಲರ್ ವಿಷಯದಲ್ಲಿ ಅಳತೆಯ ಹಟ ಬಿಡಬೇಕಾಗುತ್ತದೆ. ಮಸ್ಟಾಂಗಿನ ಅಸಲಿ ಪ್ರೊಪೆಲ್ಲರಿನ ಐದನೆಯ ಒಂದಂಶ ಸುಮಾರು 27 ಇಂಚು. 55 ಸಿಸಿಯ ಎಂಜಿನ್ ಚೆನ್ನಾಗಿ ತಿರುಗಿಸುವುದು 22 ಅಥವಾ 23 ಇಂಚಿನದನ್ನು. ಸದ್ದಿನಲ್ಲೂ ರಾಜಿಯೇ. ಎರಡು ಸ್ಟ್ರೋಕಿನ ಮಸ್ಟಾಂಗ್ ತಲೆಯ ಮೇಲೆ ಹಾದುಹೋದರೆ ನಮ್ಮ ಕಿವಿಗೆ ಯಾರೋ ಪಕ್ಕದ ತೋಟದಲ್ಲಿ ಹುಲ್ಲು ತೆಗೆಯುತ್ತಿದ್ದಾರೆ ಅನ್ನಿಸುವುದು ಖಂಡಿತ. ನಾಲ್ಕು ಸ್ಟ್ರೋಕಿನ ರೇಡಿಯಲ್ ಮಾದರಿಗಳೂ ಇವೆ. ಜಪಾನಿನ ಸೈಟೋ ಮೂರು ಸಿಲಿಂಡರಿನದನ್ನು ಮಾಡುತ್ತದೆ, ಮೋಕಿ ಐದರದನ್ನು. ಅವುಗಳ ಗಂಟಲು ಅಸಲಿಗೆ ಹತ್ತಿರ, ಬೆಲೆ ಮಧ್ಯಮ ವರ್ಗದ ಕೈಗೆ ದೂರ.

ಎಣ್ಣೆ ಬೆರೆಸುವುದನ್ನು ಇಲ್ಲಿಯವರಿಗೆ ಯಾರೂ ಕಲಿಸಬೇಕಿಲ್ಲ: ಲೀಟರಿಗೆ 25 ಮಿಲಿ ಟೂಟಿ ಎಣ್ಣೆ ಎಂದರೆ 40ಕ್ಕೆ 1. ಹೊಸ ಎಂಜಿನ್ನಿಗೆ ತಯಾರಕರು ಇನ್ನೂ ತುಸು ಹೆಚ್ಚು ಹೇಳಿದರೆ ಹಾಗೆಯೇ ಹಾಕಿ. ಮಳೆಗಾಲದ್ದು ಮಾತ್ರ ನೆನಪಿರಲಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ನಮ್ಮ ಆಷಾಢದ ತೇವವನ್ನು ಹೀರುತ್ತದೆ, ಪೊರೆ, ಪೈಪುಗಳನ್ನು ಕೆಡಿಸುತ್ತದೆ. ಜೂನಿನಲ್ಲಿ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ತೀರುವವರೆಗೆ ಎಂಜಿನ್ ಓಡಿಸಿ ಇಟ್ಟರೆ ನವೆಂಬರಿನಲ್ಲಿ ಕೈ ಸೋಲುವಷ್ಟು ತಟ್ಟಬೇಕಾಗದು. ತಟ್ಟುವಾಗ ದಪ್ಪ ಕೈಗವಸು ಬೇಕು, ಇಗ್ನಿಷನ್ ಕಡಿಯುವ ಸ್ವಿಚ್ ರಿಮೋಟಿನಲ್ಲೂ ಇರಬೇಕು. 22 ಇಂಚಿನ ಪ್ರೊಪೆಲ್ಲರ್ ಬೆರಳನ್ನು ತೆಗೆದೇಬಿಡುತ್ತದೆ.

ಕಾನೂನು ಅಷ್ಟೇನೂ ಬಿಗಿಯಲ್ಲ. 2021ರ ಡ್ರೋನ್ ನಿಯಮಗಳು 25 ಕಿಲೋವರೆಗಿನ, ಹವ್ಯಾಸಕ್ಕೋ ಕಲಿಕೆಗೋ ಬಳಸುವ, ಕಣ್ಣಳತೆಯಲ್ಲೇ ಹಾರಿಸುವ ವಿಮಾನವನ್ನು ಮಾದರಿ ಎಂದು ಬೇರೆಯಾಗಿ ಗುರುತಿಸಿವೆ. ಅದಕ್ಕೆ ಟೈಪ್ ಸರ್ಟಿಫಿಕೇಟ್ ಬೇಡ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ವಲಯವಾಗಿದ್ದರೆ 400 ಅಡಿಯವರೆಗೆ ಹಾರಿಸಲು ಮುಂಗಡ ಅನುಮತಿ ಬೇಕಾಗದು. ಹಾರಿಸುವ ಮುನ್ನ ನಕ್ಷೆ ನೋಡಲೇಬೇಕು.

ಬಿಗಿ ಇರುವುದು ಜಾಗದ್ದು. ಪಂಜ ಸೀಮೆಯಲ್ಲಿ ಸಮತಟ್ಟಾದ ನೆಲವೆಂದರೆ ಗದ್ದೆ. ಗದ್ದೆಗಳಲ್ಲಿ ಬಹುಪಾಲು ತೋಟವಾಗಿವೆ, ಉಳಿದವು ಅಡಿಕೆ ಮರಗಳ ಗೋಡೆಯ ನಡುವೆ ಸಿಕ್ಕಿಕೊಂಡಿವೆ. 1/5 ಅಳತೆಯ ವಾರ್‌ಬರ್ಡ್‌ಗೆ ನೂರು ಮೀಟರಿನ ಓಟದ ಜಾಗ ಬೇಕು, ಎರಡು ಕೊನೆಯಲ್ಲೂ ಮರವಿರಬಾರದು. ಕೊಯ್ಲಾದ ಬೈಲೊಂದು ಸಿಕ್ಕಿತೆನ್ನಿ, ಕೂಳೆ ಮತ್ತು ಬದು ಕಾಯುತ್ತಿರುತ್ತವೆ. ಚಿಕ್ಕ ವಿಮಾನ ಮಾಡೋಣವೆಂದರೆ ಚಕ್ರವೂ ಚಿಕ್ಕದಾಗಿ ಮೊದಲ ಕೂಳೆಗೇ ಮೂಗು ಊರುತ್ತದೆ. ಸ್ಪಿಟ್‌ಫೈರಿನ ಎರಡು ಚಕ್ರಗಳು ಒಂದಕ್ಕೊಂದು ತೀರ ಹತ್ತಿರ. ಏರುಪೇರಿನ ನೆಲದಲ್ಲಿ ರೆಕ್ಕೆಯ ತುದಿ ತಾಗುತ್ತದೆ. ಹರಿಕೇನಿನ ಕಾಲು ಅಗಲ, ರೆಕ್ಕೆ ದಪ್ಪ, ನಿಧಾನಕ್ಕೂ ಹಾರುತ್ತದೆ. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ಒಂದನೇ ಸ್ಕ್ವಾಡ್ರನ್ ಹಾರಿಸಿದ್ದೂ ಅದನ್ನೇ. ನಮ್ಮ ಕಡೆಯ ನೆಲಕ್ಕೆ ನಾನು ಹೇಳುವುದು 1/6 ಅಳತೆಯ, 2 ಮೀಟರ್ ರೆಕ್ಕೆಯ ಹರಿಕೇನ್. ಅದರ ಮೂಗೂ ಮೋಟೇ. ಜೆನೋವಾ ಜಿ-38ರಂಥ, ಫ್ಲೈವೀಲ್ ಇರುವ ತೂಕದ ಎಂಜಿನ್ ಅಲ್ಲಿ ಹೊಂದುತ್ತದೆ. ಕೆಟ್ಟರೆ ಕಾರ್ಬೊರೇಟರ್ ಬಿಚ್ಚಿ ತೊಳೆಯಬಲ್ಲವರು ಹುಲ್ಲಿನ ಮೆಷಿನ್ ರಿಪೇರಿ ಮಾಡುವ ಅಂಗಡಿಯಲ್ಲೇ ಇರುತ್ತಾರೆ.